ನಿಮ್ಮ ಎಂಪಥಿ ಎಷ್ಟೆಂದು ನಿಮ್ಮನ್ನೇ ಕೇಳಿದರೆ ಹೇಗೆ?

ಎಂಪಥಿ ಅಂದರೆ ಇನ್ನೊಬ್ಬರ ಮನಸ್ಸನ್ನು, ಭಾವನೆಯನ್ನು ಅರಿತು ಸ್ಪಂದಿಸುವ ಗುಣ. ‘ನಿಮ್ಮಲ್ಲಿ ಎಂಪಥಿ ಎಷ್ಟಿದೆ, ಈಗಲೇ ತಿಳಿದುಕೊಳ್ಳಿ’ ಎನ್ನುವ ಕ್ವಿಜ್‌ಗಳು ಫೋನ್ ತೆರೆದರೆ ಸಾಕು, ಕಾಣಿಸುತ್ತವೆ. ಜಾಸ್ತಿ ಅಂಕ ಬಂದವರು ಖುಷಿಯಿಂದ ಹಂಚಿಕೊಳ್ಳುತ್ತಾರೆ. ಕಡಿಮೆ ಬಂದವರು ತಮ್ಮಲ್ಲೇ ಏನೋ ಕೊರತೆ ಇದೆ ಎಂದು ಕೊರಗುತ್ತಾರೆ. ನನಗೆ ಇದು ನಿಜಕ್ಕೂ ಬೇಸರ ತರಿಸುತ್ತದೆ. ಕಣ್ಣಿನ ಡಾಕ್ಟರು ಅಕ್ಷರಗಳ ಬೋರ್ಡನ್ನೇ ತೋರಿಸದೆ ‘ಚೆನ್ನಾಗಿ ಕಾಣುತ್ತಾ?’ ಎಂದಷ್ಟೇ ಕೇಳಿ ಚೀಟಿ ಬರೆದುಕೊಟ್ಟರೆ ಒಪ್ಪುತ್ತೀರಾ?

ಮನಶ್ಶಾಸ್ತ್ರದ ಸಂಶೋಧಕರೂ ಪ್ರಶ್ನಾವಳಿ ಬಳಸುತ್ತಾರೆ. ಮಾರ್ಕ್ ಡೇವಿಸ್ 1980ರಲ್ಲಿ ಪ್ರಕಟಿಸಿದ 28 ಹೇಳಿಕೆಗಳ ಪಟ್ಟಿ ಇವತ್ತಿಗೂ ಚಾಲ್ತಿಯಲ್ಲಿದೆ. ಇನ್ನೊಬ್ಬರ ಜಾಗದಲ್ಲಿ ನಿಂತು ಯೋಚಿಸುವುದು, ಕಥೆಯ ಪಾತ್ರಗಳಲ್ಲಿ ಮುಳುಗಿಹೋಗುವುದು, ಕಷ್ಟದಲ್ಲಿರುವವರಿಗಾಗಿ ಮರುಗುವುದು, ಬೇರೆಯವರ ನೋವು ಕಂಡು ತಾನೇ ಕಂಗಾಲಾಗುವುದು, ಹೀಗೆ ನಾಲ್ಕಕ್ಕೂ ಅದರಲ್ಲಿ ಬೇರೆ ಬೇರೆ ಅಂಕ. ಹೀಗೆ ಬೇರೆ ಮಾಡಿದ್ದೇ ಅದರ ಒಳ್ಳೆಯ ಅಂಶ. ಕಂಗಾಲಾದವರು ಸಹಾಯ ಮಾಡುವ ಬದಲು ಅಲ್ಲಿಂದ ಓಡಿಹೋಗಬಹುದು, ಅಲ್ವಾ? ಆದರೆ ಉತ್ತರ ಕೊಡುವವರು ಮಾತ್ರ ಇಲ್ಲೂ ನೀವೇ. ಜನ ತಮ್ಮ ಬಗ್ಗೆ ಕೊಟ್ಟುಕೊಂಡ ಅಂಕವನ್ನೂ, ಇನ್ನೊಬ್ಬರ ಮನಸ್ಸನ್ನು ಓದುವ ಪರೀಕ್ಷೆಗಳಲ್ಲಿ ಅವರು ನಿಜವಾಗಿ ಗಳಿಸಿದ ಅಂಕವನ್ನೂ ಹೋಲಿಸಿದ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ 2019ರಲ್ಲಿ ಲೆಕ್ಕ ಹಾಕಿದರು. ಪರೀಕ್ಷೆಯಲ್ಲಿ ಒಬ್ಬರಿಗೂ ಇನ್ನೊಬ್ಬರಿಗೂ ನಡುವೆ ಕಂಡ ವ್ಯತ್ಯಾಸದಲ್ಲಿ, ಅವರು ತಮಗೆ ತಾವೇ ಕೊಟ್ಟುಕೊಂಡ ಅಂಕ ವಿವರಿಸಬಲ್ಲದ್ದು ಸುಮಾರು ಶೇ. 1 ಮಾತ್ರ!

ಹಾಗಾದರೆ ಅಳೆಯುವುದು ಹೇಗೆ? 1949ರಲ್ಲಿ ರೊಸಾಲಿಂಡ್ ಡೈಮಂಡ್ ಒಂದು ದಾರಿ ಹುಡುಕಿದರು. ನೀವು ಒಬ್ಬರ ಗುಣಗಳಿಗೆ ಅಂಕ ಕೊಡಿ. ಅವರು ತಮಗೆ ತಾವೇ ಎಷ್ಟು ಕೊಟ್ಟುಕೊಳ್ಳುತ್ತಾರೆ ಎಂದೂ ಊಹಿಸಿ. ಆಮೇಲೆ ಅವರನ್ನೇ ಕೇಳಿ ತಾಳೆ ನೋಡೋಣ. ಬಹಳ ಚೆಂದದ ಯೋಚನೆ, ಆದರೆ 1955ರಲ್ಲಿ ಲೀ ಕ್ರಾನ್‌ಬಾಕ್ ಅದರ ತೂತನ್ನು ತೋರಿಸಿದರು. ‘ಅವರೂ ನನ್ನ ಹಾಗೇ’ ಎಂದುಕೊಂಡು ಸುಮ್ನೆ ನಿಮ್ಮ ಉತ್ತರವನ್ನೇ ಬರೆದರೂ, ಆ ವ್ಯಕ್ತಿ ನಿಮ್ಮಂಥವರೇ ಆಗಿದ್ದರೆ ಅಂಕ ಸಿಕ್ಕಿಬಿಡುತ್ತದೆ.

ನನಗೆ ತುಂಬಾ ಇಷ್ಟವಾದದ್ದು ವಿಲಿಯಂ ಇಕೀಸ್ ಮತ್ತು ಸಂಗಡಿಗರು ರೂಪಿಸಿದ ವಿಧಾನ. ಅಪರಿಚಿತರಿಬ್ಬರನ್ನು ಒಂದು ಕೋಣೆಯಲ್ಲಿ ಕೂರಿಸಿ, ಸಂಶೋಧಕರು ಏನೋ ನೆಪ ಹೇಳಿ ಹೊರಗೆ ಹೋಗುತ್ತಾರೆ. ಇಬ್ಬರೂ ತಮ್ಮ ಪಾಡಿಗೆ ಮಾತಾಡುವುದು ಮರೆಯಲ್ಲಿಟ್ಟ ಕ್ಯಾಮೆರಾದಲ್ಲಿ ದಾಖಲಾಗುತ್ತದೆ. ಆಮೇಲೆ ವಿಷಯ ತಿಳಿಸಿ ಒಪ್ಪಿಗೆ ಪಡೆಯುತ್ತಾರೆ. ಈಗ ಇಬ್ಬರೂ ಬೇರೆ ಬೇರೆ ಕೂತು ಅದೇ ವಿಡಿಯೊ ನೋಡಬೇಕು. ‘ಇಲ್ಲಿ ನನಗೆ ಹೀಗನಿಸಿತ್ತು’ ಎಂದು ನೆನಪಾದ ಕಡೆಯಲ್ಲೆಲ್ಲ ನಿಲ್ಲಿಸಿ ಬರೆಯಬೇಕು. ಎರಡನೇ ಸಲ ನೋಡುವಾಗ ವಿಡಿಯೊ ನಿಲ್ಲುವುದು ಎದುರಿನವರು ನಿಲ್ಲಿಸಿದ ಜಾಗಗಳಲ್ಲಿ, ಮತ್ತು ಅಲ್ಲಿ ಅವರ ಮನಸ್ಸಿನಲ್ಲಿ ಏನಿತ್ತು ಎಂದು ನೀವು ಊಹಿಸಬೇಕು. ಊಹೆ ನಿಜಕ್ಕೆ ಎಷ್ಟು ಹತ್ತಿರ ಎಂದು ತೀರ್ಪುಗಾರರು 0, 1 ಅಥವಾ 2 ಅಂಕ ಕೊಡುತ್ತಾರೆ. ಎಲ್ಲ ಅಂಕ ಕೂಡಿಸಿ ನೂರಕ್ಕೆ ಲೆಕ್ಕ ಹಾಕಿದರೆ ಅಪರಿಚಿತರಿಗೆ ಸಾಮಾನ್ಯವಾಗಿ ಸಿಗುವುದು 20ರ ಆಸುಪಾಸು. ಆಪ್ತ ಗೆಳೆಯರು, ಗಂಡ ಹೆಂಡತಿಯರು ಕೂಡ 30–35ರಲ್ಲೇ ನಿಲ್ಲುತ್ತಾರೆ!

ಹೆಂಗಸರಿಗೆ ಇದು ಹುಟ್ಟಿನಿಂದಲೇ ಬಂದದ್ದು ಎನ್ನುವವರು 2001ರ ಒಂದು ಪ್ರಯೋಗವನ್ನು ಗಮನಿಸಬೇಕು. ಸರಿಯಾಗಿ ಊಹಿಸಿದರೆ ದುಡ್ಡು ಕೊಡುತ್ತೇವೆ ಎಂದಾಗ ಗಂಡಸರ ಅಂಕವೂ ಏರಿತು, ಹೆಂಗಸರ ಅಂಕವೂ ಏರಿತು, ಇಬ್ಬರ ನಡುವಿನ ಅಂತರ ಕಾಣೆಯಾಯಿತು. ಅಂದರೆ ಕಡಿಮೆ ಅಂಕ ಬಂದವರಿಗೆ ಶಕ್ತಿಯೇ ಇಲ್ಲ ಎನ್ನುವಂತಿಲ್ಲ, ಮನಸ್ಸಿಟ್ಟು ನೋಡಿರಲಿಕ್ಕಿಲ್ಲ.

ಇನ್ನೂ ಒಂದು ತೊಡಕಿದೆ. ಜಮಿಲ್ ಝಾಕಿ ಮತ್ತಿತರರು 2008ರಲ್ಲಿ ತೋರಿಸಿದ್ದು ಇದು: ಬೇರೆಯವರ ಭಾವನೆ ನನಗೆ ಬೇಗ ತಟ್ಟುತ್ತದೆ ಎನ್ನುವವರ ಊಹೆ ಹೆಚ್ಚು ಸರಿಯಾದದ್ದು, ಎದುರಿನವರು ಭಾವನೆಯನ್ನು ಹೊರಗೆ ತೋರಿಸುವಂಥವರಾಗಿದ್ದಾಗ ಮಾತ್ರ. ಹಾಗಾಗಿ ಒಬ್ಬರನ್ನು ಅಳೆಯಲು ಒಂದೇ ವಿಡಿಯೊ ಸಾಲದು. ಮುಖದಲ್ಲೇ ಎಲ್ಲ ಕಾಣಿಸಿಬಿಡುವವರೂ ಬೇಕು, ಏನನ್ನೂ ಬಿಟ್ಟುಕೊಡದವರೂ ಬೇಕು.