ಪದ ಪರಿಚಯ: ಈಕಾಪ್

ಉಗಾಂಡಾದ ಕಂಪಾಲಾದಲ್ಲಿ, ಫ್ರಾನ್ಸಿನ ಪ್ಯಾರಿಸ್‌ನಲ್ಲಿ ಹವಾಮಾನ ಹೋರಾಟಗಾರರು ಹಿಡಿದ ಫಲಕಗಳಲ್ಲಿ ‘ಸ್ಟಾಪ್ ಈಕಾಪ್’ ಎಂಬ ಘೋಷಣೆ ಕೆಲವು ವರ್ಷಗಳಿಂದ ಕಾಣುತ್ತಿದೆ. ಈಸ್ಟ್ ಆಫ್ರಿಕನ್ ಕ್ರೂಡ್ ಆಯಿಲ್ ಪೈಪ್‌ಲೈನ್ ಎಂಬ ಉದ್ದ ಹೆಸರಿನ ಮೊದಲಕ್ಷರಗಳು ಸೇರಿ ಆದದ್ದು ಈಕಾಪ್. ಉಗಾಂಡಾದ ಪಶ್ಚಿಮದ ಹೊಯ್ಮಾದಿಂದ ಟಾಂಜಾನಿಯಾದ ಟಾಂಗಾ ಬಂದರಿನವರೆಗೆ ಕಚ್ಚಾ ತೈಲ ಸಾಗಿಸುವ ಕೊಳವೆಮಾರ್ಗ ಇದು. ಒಟ್ಟು ಉದ್ದ 1,443 ಕಿ.ಮೀ. ಉಗಾಂಡಾದಲ್ಲಿರುವುದು 296 ಕಿ.ಮೀ. ಮಾತ್ರ, ಉಳಿದದ್ದೆಲ್ಲ ಟಾಂಜಾನಿಯಾದ ನೆಲ.

ಉಗಾಂಡಾದ ಪಶ್ಚಿಮ ಗಡಿಯ ಆಲ್ಬರ್ಟ್ ಸರೋವರದ ಆಸುಪಾಸಿನಲ್ಲಿ ತೈಲವಿದೆ ಎಂಬುದು 2006ರಲ್ಲಿ ಖಚಿತವಾಯಿತು. ಉಗಾಂಡಾಕ್ಕೆ ಸಮುದ್ರ ತೀರವಿಲ್ಲ. ಸಾಲದ್ದಕ್ಕೆ ಅಲ್ಲಿನ ತೈಲದಲ್ಲಿ ಮೇಣದ ಅಂಶ ಬಹಳ. ಹಾಗೇ ಬಿಟ್ಟರೆ ಚಳಿಗಾಲದ ಕೊಬ್ಬರಿ ಎಣ್ಣೆಯಂತೆ ಗಟ್ಟಿಯಾಗಿಬಿಡುತ್ತದೆ. ಹಾಗಾಗಿ ಕೊಳವೆಯನ್ನು ದಾರಿಯುದ್ದಕ್ಕೂ ಬಿಸಿ ಮಾಡುತ್ತಾ, ತೈಲವನ್ನು 50 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿಯದಂತೆ ಕಾಯಬೇಕು. ರಾಜಸ್ಥಾನದ ಬಾಡಮೇರ್‌ನಿಂದ ಗುಜರಾತಿಗೆ ಹೋಗುವ ಕೊಳವೆಯೂ ಇದೇ ಬಗೆಯದು, ಆದರೆ ಉದ್ದ ಇದರ ಅರ್ಧದಷ್ಟೂ ಇಲ್ಲ.

ಯೋಜನೆಯಲ್ಲಿ ಫ್ರಾನ್ಸಿನ ಟೋಟಲ್‌ಎನರ್ಜೀಸ್ ಕಂಪನಿಯ ಪಾಲು ಶೇ 62. ಉಗಾಂಡಾ ಮತ್ತು ಟಾಂಜಾನಿಯಾದ ಸರ್ಕಾರಿ ತೈಲ ಸಂಸ್ಥೆಗಳಿಗೆ ತಲಾ ಶೇ 15, ಚೀನಾದ ತೈಲ ಕಂಪನಿ ಸಿಎನ್‌ಒಒಸಿಗೆ ಶೇ 8. ಈಕಾಪ್ ಬೇಡ ಎನ್ನುವವರು ಪ್ಯಾರಿಸ್‌ನಲ್ಲಿ ಯಾಕೆ ಸೇರುತ್ತಾರೆ ಎಂಬುದಕ್ಕೆ ಈ ಲೆಕ್ಕವೇ ಉತ್ತರ.

ವಿರೋಧ ಎಂದರೆ ಬರೀ ಇಂಗಾಲದ ಮಾತು ಎಂದುಕೊಂಡವರು ಕೊಳವೆ ಹಾದುಹೋಗುವ ಹೊಲಗಳನ್ನು ನೋಡಬೇಕು. ಈಕಾಪ್ ಮತ್ತು ಅದಕ್ಕೆ ತೈಲ ಒದಗಿಸುವ ಟಿಲೆಂಗಾ ಬಾವಿಗಳಿಗಾಗಿ ಪೂರ್ತಿಯಾಗಿಯೋ ಭಾಗಶಃವೋ ಭೂಮಿ ಕಳೆದುಕೊಳ್ಳುವವರು ಒಂದು ಲಕ್ಷಕ್ಕೂ ಹೆಚ್ಚು ಜನ. ಅಳತೆಯವರು ಬಂದು ಬಾಳೆ, ಕಾಫಿ ಗಿಡ, ಮನೆ, ಗೋರಿ ಎಲ್ಲವನ್ನೂ ಎಣಿಸಿ ಬರೆದುಕೊಂಡರು. ಅಲ್ಲಿಗೆ ‘ಕಟ್‌ಆಫ್ ದಿನಾಂಕ’ ನಿಗದಿಯಾಯಿತು: ಆ ದಿನದ ನಂತರ ನೆಟ್ಟ ಗಿಡಕ್ಕೆ, ಕಟ್ಟಿದ ಗೋಡೆಗೆ ಪರಿಹಾರವಿಲ್ಲ. ಆಮೇಲೆ ಅನೇಕರಿಗೆ ಹಣ ಕೈಸೇರಲು ಮೂರು ನಾಲ್ಕು ವರ್ಷ ಹಿಡಿಯಿತು. ಅಷ್ಟು ಕಾಲ ಕಾಫಿ, ಬಾಳೆಯಂಥ ಬಹುವಾರ್ಷಿಕ ಬೆಳೆ ಹಾಕುವಂತಿಲ್ಲ ಎಂದೇ ರೈತರು ತಿಳಿದಿದ್ದರು. ಹೊಲ ಕಣ್ಣೆದುರಿಗಿದ್ದೂ ಮಕ್ಕಳ ಶಾಲೆ ಫೀಸಿಗೆ ಸಾಲ ಮಾಡುವ ಸ್ಥಿತಿ ಬಂತು. ನನ್ನ ಮಟ್ಟಿಗೆ ಈಕಾಪ್ ಮಾಡಿದ ಅತಿ ದೊಡ್ಡ ಅನ್ಯಾಯ ಈ ಕಾಯಿಸಿದ ವರ್ಷಗಳು.

ಇನ್ನು ನೀರು, ಕಾಡು. ಟಿಲೆಂಗಾದ ಬಾವಿಗಳಲ್ಲಿ ಕೆಲವು ಮರ್ಚಿಸನ್ ಫಾಲ್ಸ್ ರಾಷ್ಟ್ರೀಯ ಉದ್ಯಾನದ ಒಳಗೇ ಇವೆ. ಕೊಳವೆ ಬಹುದೂರ ವಿಕ್ಟೋರಿಯಾ ಸರೋವರದ ಜಲಾನಯನ ಪ್ರದೇಶದಲ್ಲಿ ಸಾಗುತ್ತದೆ. ಎಲ್ಲಾದರೂ ಸೋರಿದರೆ ಕೋಟ್ಯಂತರ ಜನರ ನೀರಿಗೆ ಅಪಾಯ.

ಯೋಜನೆಯ ಪರವಾಗಿರುವ ಉಗಾಂಡಾ ಅಧ್ಯಕ್ಷ ಮುಸೆವೇನಿ ಅವರ ವಾದವನ್ನೂ ತಳ್ಳಿಹಾಕಲಾಗದು. ಜಗತ್ತಿನ ಇಂಗಾಲದಲ್ಲಿ ಇಡೀ ಆಫ್ರಿಕಾದ ಪಾಲು ಬಹಳ ಚಿಕ್ಕದು, ಸುಮಾರು 60 ಕೋಟಿ ಆಫ್ರಿಕನ್ನರ ಮನೆಗಳಿಗೆ ಇನ್ನೂ ಕರೆಂಟಿಲ್ಲ. ಎಣ್ಣೆ ಸುಟ್ಟೇ ಸಿರಿವಂತವಾದ ಯುರೋಪ್ ಈಗ ಬುದ್ಧಿ ಹೇಳಿದರೆ ಸಿಟ್ಟು ಬರುವುದು ಸಹಜ. ಆದರೆ ಈಕಾಪ್ ಎಣ್ಣೆ ಸಾಗುವುದು ಹಡಗಿಗೆ, ಹಳ್ಳಿಯ ದೀಪಕ್ಕಲ್ಲ. 2050ಕ್ಕೆ ಇಂಗಾಲ ಹೊರಸೂಸುವಿಕೆಯನ್ನು ನಿವ್ವಳ ಸೊನ್ನೆಗೆ ಇಳಿಸುವ ಹಾದಿಯಲ್ಲಿ, ಈಗಾಗಲೇ ಒಪ್ಪಿಗೆ ಪಡೆದವನ್ನು ಬಿಟ್ಟು ಹೊಸ ತೈಲಕ್ಷೇತ್ರಗಳೇ ಬೇಕಿಲ್ಲ ಎಂದು ಅಂತರರಾಷ್ಟ್ರೀಯ ಇಂಧನ ಸಂಸ್ಥೆ 2021ರ ಮೇ ತಿಂಗಳಲ್ಲಿ ಹೇಳಿತ್ತು. ಈಕಾಪ್ ಹೂಡಿಕೆಗೆ ಅಂತಿಮ ಮುದ್ರೆ ಬಿದ್ದದ್ದು 2022ರ ಫೆಬ್ರುವರಿಯಲ್ಲಿ. ‘ಬೇಡ’ ಎನ್ನುತ್ತಿರುವವರು ಯುರೋಪಿನವರಷ್ಟೇ ಎಂಬುದೂ ನಿಜವಲ್ಲ. ಹವಾಮಾನ ಹೋರಾಟಗಾರ್ತಿಯರಾದ ವನೆಸಾ ನಕಾಟೆ, ಹಿಲ್ಡಾ ನಕಬುಯೆ ಉಗಾಂಡಾದವರೇ.

2022ರ ಸೆಪ್ಟೆಂಬರಿನಲ್ಲಿ ಯುರೋಪಿಯನ್ ಸಂಸತ್ತು ಯೋಜನೆಯನ್ನು ಟೀಕಿಸಿ ನಿರ್ಣಯ ಅಂಗೀಕರಿಸಿತು. ಅದನ್ನು ಬೆಂಬಲಿಸಿ ಮರುತಿಂಗಳು ಕಂಪಾಲಾದಲ್ಲಿ ಮೆರವಣಿಗೆ ಹೊರಟ ಒಂಬತ್ತು ವಿದ್ಯಾರ್ಥಿಗಳನ್ನು ಪೊಲೀಸರು ಹಿಡಿದೊಯ್ದರು. ಅಲ್ಲಿಂದೀಚೆಗೆ ಇಂಥ ಬಂಧನಗಳು ಮತ್ತೆ ಮತ್ತೆ ಆಗಿವೆ.

ಕೋರ್ಟುಗಳಲ್ಲಿ ಹೋರಾಟಗಾರರಿಗೆ ಗೆಲುವು ಸಿಗಲಿಲ್ಲ. 2023ರಲ್ಲಿ ಪ್ಯಾರಿಸ್‌ನ ನ್ಯಾಯಾಲಯವೂ ಪೂರ್ವ ಆಫ್ರಿಕಾದ ನ್ಯಾಯಾಲಯವೂ ವಿಚಾರಣೆಯ ಹೊಸ್ತಿಲಲ್ಲೇ ಅರ್ಜಿಗಳನ್ನು ತಿರಸ್ಕರಿಸಿದವು. ಅವರ ಒತ್ತಡ ಹೆಚ್ಚು ಫಲ ಕೊಟ್ಟದ್ದು ಬ್ಯಾಂಕುಗಳ ಮೇಲೆ. ದೊಡ್ಡ ಪಾಶ್ಚಾತ್ಯ ಬ್ಯಾಂಕುಗಳು ಒಂದೊಂದಾಗಿ ಈಕಾಪ್‌ಗೆ ಸಾಲ ಕೊಡುವುದಿಲ್ಲ ಎಂದವು, ಹಣ ಹೊಂದಿಸುವುದು ವರ್ಷಗಟ್ಟಲೆ ತಡವಾಯಿತು. 2025ರ ಮಾರ್ಚ್‌ನಲ್ಲಿ ಸಾಲದ ಮೊದಲ ಕಂತು ಹೊಂದಿತು. ಕೊಟ್ಟವುಗಳಲ್ಲಿ ಅಫ್ರೆಕ್ಸಿಂ ಬ್ಯಾಂಕ್, ಸ್ಟ್ಯಾಂಡರ್ಡ್ ಬ್ಯಾಂಕ್, ಕೆಸಿಬಿ ಉಗಾಂಡಾ ಇದ್ದವು. ಮರುತಿಂಗಳು ಯುವಕರು ಕಂಪಾಲಾದ ಕೆಸಿಬಿ ಬ್ಯಾಂಕಿಗೆ ಪ್ರತಿಭಟಿಸಲು ಹೋದರು, ಅಲ್ಲೂ ಪೊಲೀಸರು ಅವರನ್ನು ಬಂಧಿಸಿದರು.