ಮೆಟಲ್, ಪಂಕ್ ಎರಡೂ ಗದ್ದಲವೇ ಅಲ್ವಾ?

ಪ್ರಶ್ನೆ: ಮಗ ರಜೆಗೆ ಮನೆಗೆ ಬಂದಾಗಲೆಲ್ಲ ಎಸ್‌.ಒ.ಡಿ. ಅನ್ನೋ ಬ್ಯಾಂಡಿನ ಹಾಡು ಹಾಕುತ್ತಾನೆ. ಮೆಟಲ್ಲನ್ನೂ ಪಂಕನ್ನೂ ಬೆರೆಸಿದ್ದು ಅಂತಾನೆ. ನನಗೆ ಎರಡೂ ಒಂದೇ ಗದ್ದಲ. ಅಷ್ಟಕ್ಕೂ ಅವರು ಬೆರೆಸಿದ್ದು ಏನನ್ನು?
– ಓದುಗರೊಬ್ಬರು, ವಿರಾಜಪೇಟೆ

ಗದ್ದಲ ಅನ್ನೋದನ್ನು ನಾನೂ ಒಪ್ಪುತ್ತೇನೆ. ಆದರೆ ಮಡಿಕೇರಿ ದಸರಾದ ಮಂಟಪಗಳ ಸೌಂಡೂ ಗದ್ದಲವೇ, ಮದುವೆ ಮನೆಯ ವಾಲಗವೂ ಗದ್ದಲವೇ. ಕಣ್ಣು ಮುಚ್ಚಿಕೊಂಡಿದ್ದರೂ ಯಾವುದು ಯಾವುದು ಅಂತ ನಿಮಗೆ ಗೊತ್ತಾಗುತ್ತದೆ. ಇದೂ ಹಾಗೆಯೇ, ಕಿವಿಗೆ ರೂಢಿಯಾಗಬೇಕು ಅಷ್ಟೆ.

ಮೊದಲು ಗಿಟಾರ್ ಕೇಳಿ. ಮೆಟಲ್ ಗಿಟಾರಿನವರು ಬಲ ಅಂಗೈಯ ಅಂಚನ್ನು ತಂತಿಗಳ ಬುಡದಲ್ಲಿ ಒತ್ತಿ ಹಿಡಿದು ಮೀಟುತ್ತಾರೆ. ಆಗ ನಾದ ಹರಡಿಕೊಳ್ಳುವುದಿಲ್ಲ. ಜುಗ್-ಜುಗ್-ಜುಗ್ ಅಂತ ಮರ ಕಡಿದ ಹಾಗೆ ತುಂಡು ತುಂಡಾಗಿ ಬೀಳುತ್ತದೆ. ಹಾಡು ಉದ್ದ, ನಡುವೆ ಗಿಟಾರ್ ಸೋಲೋ, ಕೈಚಳಕ ತೋರಿಸುವ ಆಸೆ ಜಾಸ್ತಿ. ಪಂಕಿನವರಿಗೆ ಇದರಲ್ಲಿ ಯಾವುದೂ ಬೇಡ. ಮೂರು ಕಾರ್ಡ್ (ಒಟ್ಟಿಗೆ ಮೀಟುವ ಸ್ವರಗಳ ಗುಂಪು), ಎರಡು ನಿಮಿಷ, ಕಿರುಚಿ ಹೇಳುವುದನ್ನು ಹೇಳಿ ಮುಗಿಸು. ರಮೋನ್ಸ್ ಅನ್ನೋ ಪಂಕ್ ಬ್ಯಾಂಡಿನ ಮೊದಲ ಆಲ್ಬಂ 1976ರದು. ಅದರಲ್ಲಿ 14 ಹಾಡು, ಎಲ್ಲ ಸೇರಿ ಅರ್ಧ ಗಂಟೆಯೂ ಇಲ್ಲ.

ಎಸ್‌.ಒ.ಡಿ. (ಪೂರ್ತಿ ಹೆಸರು ಸ್ಟಾರ್ಮ್‌ಟ್ರೂಪರ್ಸ್ ಆಫ್ ಡೆತ್) ಮಾಡಿದ್ದು ಇಷ್ಟೇ: ಗಿಟಾರನ್ನು ಮೆಟಲ್‌ನಿಂದ ತಂದರು, ಹಾಡಿನ ಅಳತೆಯನ್ನೂ ಅವಸರವನ್ನೂ ಪಂಕ್‌ನಿಂದ ತಂದರು. ಓಡುತ್ತಿದ್ದ ಹಾಡು ಇದ್ದಕ್ಕಿದ್ದಂತೆ ನಿಂತು, ನಿಧಾನವಾಗಿ ಒಂದು ಭಾರದ ರಿಫ್ (ಮತ್ತೆ ಮತ್ತೆ ನುಡಿಸುವ ಗಿಟಾರ್ ತುಣುಕು) ಬರುತ್ತದಲ್ಲ, ಅಲ್ಲಿ ಗಮನವಿಡಿ. ಜನ ಒಬ್ಬರ ಮೇಲೊಬ್ಬರು ಬಿದ್ದು ಕುಣಿಯುವುದು ಅಲ್ಲೇ. ವಾಲಗ ಶುರುವಾದರೆ ಕಾಲು ಸುಮ್ನೆ ನಿಲ್ಲೋದಿಲ್ಲ ಅಂತೀವಲ್ಲ, ಹಾಗೆ.

ಇದು ಆಗ ಸಣ್ಣ ವಿಷಯವಾಗಿರಲಿಲ್ಲ. ಎಂಬತ್ತರ ದಶಕದ ನ್ಯೂಯಾರ್ಕಿನಲ್ಲಿ ಉದ್ದ ಕೂದಲಿನ ಮೆಟಲ್ ಹುಡುಗರಿಗೂ ತಲೆ ಬೋಳಿಸಿಕೊಂಡ ಹಾರ್ಡ್‌ಕೋರ್ ಪಂಕ್ (ಇನ್ನೂ ವೇಗದ, ಒರಟಾದ ಪಂಕ್) ಹುಡುಗರಿಗೂ ಅಷ್ಟಕ್ಕಷ್ಟೇ. ಒಂದೇ ಶೋಗೆ ಬಂದರೆ ಹೊಡೆದಾಟವೂ ಆಗುತ್ತಿತ್ತು.

ಬ್ಯಾಂಡ್ ಹುಟ್ಟಿದ್ದು ಮಾತ್ರ ಬಿಡುವಿನ ವೇಳೆಯಲ್ಲಿ. 1985ರಲ್ಲಿ ಆಂಥ್ರಾಕ್ಸ್ ಅನ್ನೋ ಮೆಟಲ್ ಬ್ಯಾಂಡ್ ತನ್ನ ಎರಡನೇ ಆಲ್ಬಂ ರೆಕಾರ್ಡ್ ಮಾಡುತ್ತಿತ್ತು. ಗಿಟಾರಿಸ್ಟ್ ಸ್ಕಾಟ್ ಇಯಾನ್ ಸ್ಟುಡಿಯೋದಲ್ಲಿ ಹೊತ್ತು ಹೋಗದೆ ಸಾರ್ಜೆಂಟ್ ಡಿ ಅನ್ನೋ ಒಂದು ಮುಖವನ್ನು ಗೀಚುತ್ತಾ ಕೂತರು. ಅದಕ್ಕೆ ಹಾಡುಗಳೂ ಹುಟ್ಟಿಕೊಂಡವು. ಡ್ರಮ್ಮರ್ ಚಾರ್ಲಿ ಬೆನಾಂಟೆ ಜೊತೆಯಾದರು. ಬಾಸ್‌ಗೆ ಕರೆದದ್ದು ಡ್ಯಾನ್ ಲಿಲ್ಕರ್ ಅವರನ್ನು. ಮಜಾ ನೋಡಿ, ಆಂಥ್ರಾಕ್ಸ್‌ನ ಮೊದಲ ಆಲ್ಬಂ ಆದ ಮೇಲೆ ಇದೇ ಲಿಲ್ಕರ್ ಅವರನ್ನು ಬ್ಯಾಂಡಿನಿಂದ ತೆಗೆದಿದ್ದರು! ಹಾಡಲು ಹಾರ್ಡ್‌ಕೋರ್ ಕಡೆಯಿಂದ ಬಿಲ್ಲಿ ಮಿಲಾನೊ ಬಂದರು. ಮೂರು ದಿನದಲ್ಲಿ ಆಲ್ಬಂ ಮುಗಿಯಿತು. ಇಪ್ಪತ್ತರಷ್ಟು ಹಾಡು, ಕೆಲವು ಬರೀ ಕೆಲವೇ ಸೆಕೆಂಡಿನವು. ಮಡಿಕೇರಿಯಲ್ಲಿ ಕಾರು ಹತ್ತಿ ಪ್ಲೇ ಒತ್ತಿದರೆ ಮೂರ್ನಾಡು ತಲುಪುವ ಹೊತ್ತಿಗೆ ಇಡೀ ಆಲ್ಬಂ ಖಾಲಿ.

ಆಮೇಲೆ ಅವರವರ ದಾರಿ ಅವರವರಿಗೆ. ಇಯಾನ್, ಬೆನಾಂಟೆಗೆ ಆಂಥ್ರಾಕ್ಸ್ ಇತ್ತು, ಲಿಲ್ಕರ್‌ಗೆ ನ್ಯೂಕ್ಲಿಯರ್ ಅಸಾಲ್ಟ್ ಅನ್ನೋ ಬ್ಯಾಂಡ್ ಇತ್ತು, ಮಿಲಾನೊ ಎಂ.ಒ.ಡಿ. ಅನ್ನೋ ಬ್ಯಾಂಡ್ ಕಟ್ಟಿದರು. ಜಗಳವಾಡಿ ಒಡೆದದ್ದಲ್ಲ, ಮೊದಲಿನಿಂದಲೂ ಅದು ಪಕ್ಕದ ಕೆಲಸವೇ.

ಒಂದು ಮಾತು ಮಗನಿಗೂ ಹೇಳಿ. ಆ ಆಲ್ಬಮ್ಮಿನ ಹೆಸರು 'ಸ್ಪೀಕ್ ಇಂಗ್ಲಿಷ್ ಆರ್ ಡೈ'. ಇಂಗ್ಲಿಷ್ ಮಾತಾಡು, ಇಲ್ಲವೇ ಸಾಯಿ! ಹಾಡುಗಳಲ್ಲಿ ವಲಸೆ ಬಂದವರ ಮೇಲೆ, ಹೆಂಗಸರ ಮೇಲೆ ಒರಟು ಮಾತುಗಳಿವೆ. ಎಲ್ಲ ತಮಾಷೆಗೆ ಅಂದದ್ದು ಅಂತ ಬ್ಯಾಂಡಿನವರು ಹೇಳುತ್ತಾ ಬಂದರು. ಇರಬಹುದು. ಆದರೆ ಕೊಡವ ತಕ್ಕ್, ಅರೆಭಾಷೆ, ಕನ್ನಡ, ಮಲಯಾಳ, ತುಳು ಎಲ್ಲ ಒಂದೇ ಸಂತೆಯಲ್ಲಿ ಕೇಳಿಸುವ ಜಿಲ್ಲೆಯಲ್ಲಿ ಕೂತು ಆ ಹೆಸರಿಗೆ ನನಗಂತೂ ನಗು ಬರುವುದಿಲ್ಲ. ರಿಫ್‌ಗಳು ಇಷ್ಟ, ಸಾಹಿತ್ಯ ಬೇಡ.

1999ರಲ್ಲಿ ಅದೇ ನಾಲ್ವರು ಸೇರಿ ಎರಡನೇ ಸ್ಟುಡಿಯೋ ಆಲ್ಬಂ ತಂದರು. ಮಗ ಅದನ್ನೂ ಹಾಕಿದರೆ, ಮೊದಲನೆಯದನ್ನೇ ಇನ್ನೊಂದು ಸಲ ಹಾಕು ಅನ್ನಿ. ಬೇಗ ಮುಗಿಯುತ್ತದೆ.