1,316 ದಿನ ಬೆಲ್ಟ್ ಬಿಡದ ರೋಮನ್ ರೇನ್ಸ್

ವಿರಾಜಪೇಟೆಯಲ್ಲೋ ಸೋಮವಾರಪೇಟೆಯಲ್ಲೋ ಟಿವಿಯಲ್ಲಿ ಅಮೆರಿಕದ ಡಬ್ಲ್ಯುಡಬ್ಲ್ಯುಇ ಕುಸ್ತಿ ನೋಡಿ ಬೆಳೆದ ನಾಲ್ಕು ಜನ ಸೇರಿದರೆ ರೋಮನ್ ರೇನ್ಸ್ ಮಾತು ಬಂದೇ ಬರುತ್ತದೆ. ಬಂದರೆ ಜಗಳ ಗ್ಯಾರಂಟಿ. ಒಬ್ಬರಿಗೆ ಅವನು ಈ ಕಾಲದ ದೊಡ್ಡ ಚಾಂಪಿಯನ್, ಇನ್ನೊಬ್ಬರಿಗೆ ತಮ್ಮಂದಿರನ್ನು ಮುಂದೆ ಬಿಟ್ಟು ಗೆದ್ದವನು. ನನ್ನ ಪ್ರಕಾರ ಇಬ್ಬರ ಮಾತೂ ಸರಿ.

ಈ ಕುಸ್ತಿಯಲ್ಲಿ ಯಾರು ಗೆಲ್ಲಬೇಕು ಅನ್ನೋದು ಮೊದಲೇ ನಿಗದಿಯಾಗಿರುತ್ತದೆ, ಅದು ಎಲ್ಲರಿಗೂ ಗೊತ್ತಿರೋದೇ. ಹಾಗಾಗಿ ಇದನ್ನು ನಡೆಸುವ ಕಂಪನಿ ಅಷ್ಟು ದಿನ ಅವನ ಹೆಗಲ ಮೇಲೇ ಚಾಂಪಿಯನ್ ಬೆಲ್ಟ್ ಯಾಕೆ ಬಿಟ್ಟಿತು ಅನ್ನೋದು ಪ್ರಶ್ನೆ.

ಅಸಲಿ ಹೆಸರು ಜೋ ಅನೋವಾಯಿ. 1985ರಲ್ಲಿ ಫ್ಲಾರಿಡಾದ ಪೆನ್ಸಕೋಲಾದಲ್ಲಿ ಹುಟ್ಟಿದ. ಅಪ್ಪ ಸೀಕಾ 'ವೈಲ್ಡ್ ಸಮೋವನ್ಸ್' ಜೋಡಿಯಲ್ಲಿ ಒಬ್ಬ. ಕುಸ್ತಿಪಟುಗಳ ಟ್ರಂಪ್ ಕಾರ್ಡ್ ಆಡಿದವರಿಗೆ ಗೊತ್ತಿರುವ ಯೊಕೊಝೂನ, ರಿಕಿಶಿ, ಉಮಾಗಾ ಎಲ್ಲ ಇದೇ ಮನೆತನ. ಅಮೆರಿಕನ್ ಫುಟ್‌ಬಾಲ್‌ನಲ್ಲಿ ನೆಲೆ ಸಿಗದೆ 2010ರಲ್ಲಿ ಇವನೂ ಕುಸ್ತಿಗೆ ಬಂದ. 2012ರ ನವೆಂಬರಿನಲ್ಲಿ ಸೆತ್ ರೋಲಿನ್ಸ್, ಡೀನ್ ಆ್ಯಂಬ್ರೋಸ್ ಜೊತೆ 'ಶೀಲ್ಡ್' ಅನ್ನೋ ಮೂವರ ತಂಡ ಶುರುವಾಯಿತು.

ತೊಂದರೆ ಬಂದದ್ದು ಆಮೇಲೆ. ಕಂಪನಿ ಇವನನ್ನು ತನ್ನ ದೊಡ್ಡ ನಾಯಕ ಜಾನ್ ಸೀನಾ ಜಾಗಕ್ಕೆ ಒಳ್ಳೆಯವನಾಗಿ ಕೂರಿಸಲು ಹೊರಟಿತು, ಜನ ಒಪ್ಪಲಿಲ್ಲ. 2015ರಲ್ಲಿ ಮೂವತ್ತು ಜನರ ರಾಯಲ್ ರಂಬಲ್ ಪಂದ್ಯ ಗೆದ್ದಾಗ ಫಿಲಡೆಲ್ಫಿಯಾದ ಜನ ಕೂಗಾಡಿದರು, ಬೆಂಬಲಕ್ಕೆ ಕುಸ್ತಿಯಿಂದ ಸಿನಿಮಾಕ್ಕೆ ಹೋದ ರಾಕ್ (ಡ್ವೇನ್ ಜಾನ್ಸನ್) ಬಂದು ಕೈ ಎತ್ತಿ ಹಿಡಿದರೂ ಕೂಗು ನಿಲ್ಲಲಿಲ್ಲ. 2017ರಲ್ಲಿ ವರ್ಷದ ದೊಡ್ಡ ಶೋ ರೆಸಲ್‌ಮೇನಿಯಾದಲ್ಲಿ, ರಿಂಗನ್ನು 'ನನ್ನ ಅಂಗಳ' ಅನ್ನುತ್ತಿದ್ದ ಹಿರಿಯ ಅಂಡರ್‌ಟೇಕರ್‌ನನ್ನೇ ಸೋಲಿಸಿದ. ಮರುದಿನ ವಾರದ 'ರಾ' ಟಿವಿ ಶೋನಲ್ಲಿ ಮೈಕ್ ಹಿಡಿದು ನಿಂತವನಿಗೆ ಸುಮಾರು ಹತ್ತು ನಿಮಿಷ ಬರೀ ಬೈಗುಳ. ಇವನು ಸುಮ್ನೆ ನಿಂತಿದ್ದು, ಕೊನೆಗೆ 'ಇದು ಈಗ ನನ್ನ ಅಂಗಳ' ಅಂತ ಒಂದೇ ಮಾತು ಹೇಳಿ ಹೊರಟುಹೋದ. ಮುಂದೆ ಬರುವ ಖಳನಾಯಕ ಅವತ್ತೇ ಕಂಡಿದ್ದ, ಕಂಪನಿಗೆ ಮಾತ್ರ ಕಾಣಲಿಲ್ಲ.

2018ರ ಅಕ್ಟೋಬರ್ 22ರಂದು ರಿಂಗಿಗೆ ಬಂದು, ನನ್ನ ನಿಜವಾದ ಹೆಸರು ಜೋ, ಹನ್ನೊಂದು ವರ್ಷದಿಂದ ರಕ್ತದ ಕ್ಯಾನ್ಸರ್ ಇದೆ, ಅದು ಮತ್ತೆ ಬಂದಿದೆ ಅಂದ. ಆಗ ತನ್ನ ಬಳಿ ಇದ್ದ ಬೆಲ್ಟನ್ನು ರಿಂಗಿನಲ್ಲೇ ಇಟ್ಟು ಹೋದ. ಬೈಯುತ್ತಿದ್ದವರೇ ಅತ್ತರು. ನಾಲ್ಕು ತಿಂಗಳಲ್ಲಿ ವಾಪಸ್ ಬಂದ.

ನಿಜವಾದ ತಿರುವು 2020ರ ಆಗಸ್ಟ್. ಇಲ್ಲಿ ನಮ್ಮ ಹುಡುಗರು ಆನ್‌ಲೈನ್ ಕ್ಲಾಸಿಗೆ ನೆಟ್‌ವರ್ಕ್ ಹುಡುಕಿ ಗುಡ್ಡ ಹತ್ತುತ್ತಿದ್ದ ಕಾಲ, ಅಲ್ಲಿ ಪ್ರೇಕ್ಷಕರೇ ಇಲ್ಲದ ಅಂಗಣ, ಸುತ್ತ ಮನೆಯಲ್ಲೇ ಕೂತು ನೋಡುವವರ ಮುಖ ತೋರಿಸುವ ಸ್ಕ್ರೀನ್ ಮಾತ್ರ. ಕೋವಿಡ್ ಭಯಕ್ಕೆ ತಿಂಗಳುಗಟ್ಟಲೆ ದೂರ ಇದ್ದ ರೇನ್ಸ್, ತನ್ನ ಪರ ಮಾತಾಡುವ ಪಾಲ್ ಹೇಮನ್ ಜೊತೆ ಕೆಟ್ಟವನಾಗಿ ಬಂದು ಆಗಸ್ಟ್ 30ಕ್ಕೆ ಕಂಪನಿಯ ಎರಡು ದೊಡ್ಡ ಬೆಲ್ಟ್‌ಗಳಲ್ಲಿ ಒಂದಾದ ಯೂನಿವರ್ಸಲ್ ಬೆಲ್ಟ್ ಗೆದ್ದ. ಕೂಗಾಡುವ ಜನ ಇಲ್ಲದ್ದರಿಂದಲೇ ಅವನು ಮೆಲ್ಲಗೆ ಮಾತಾಡುವುದನ್ನು ಕಲಿತ ಅಂತ ನನಗನಿಸುತ್ತದೆ.

ಕಥೆ ಪೂರ್ತಿ ಮನೆಯದೇ. ಕೊಡಗಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ: ಒಕ್ಕ (ಮನೆತನ), ಐನ್‌ಮನೆ (ಅದರ ಮೂಲಮನೆ), ಪಟ್ಟೆದಾರ (ಅದರ ಯಜಮಾನ) ಇದ್ದ ಹಾಗೆಯೇ, ಆದರೆ ಪಟ್ಟೆದಾರ ಪ್ರೀತಿಯ ಹೆಸರಲ್ಲಿ ಎಲ್ಲರನ್ನೂ ಹೆದರಿಸಿ ಇಟ್ಟರೆ ಹೇಗಿರುತ್ತದೋ ಹಾಗೆ. ಅಕ್ಟೋಬರಿನಲ್ಲಿ ಪಂಜರದೊಳಗಿನ 'ಹೆಲ್ ಇನ್ ಎ ಸೆಲ್' ಪಂದ್ಯದಲ್ಲಿ, ಇದೇ ಮನೆತನದ ತಮ್ಮ ಜೇ ಊಸೋ, ರೇನ್ಸ್ ಎಷ್ಟು ಹೊಡೆದರೂ ಸೋಲು ಒಪ್ಪಲಿಲ್ಲ. ರೇನ್ಸ್ ಕಣ್ಣೀರು ಹಾಕಿದ, ಮರುಕ್ಷಣ ಜೇಯ ಅವಳಿ ಅಣ್ಣ ಜಿಮ್ಮಿಯ ಕುತ್ತಿಗೆ ಹಿಡಿದ. ಅಣ್ಣನಿಗೋಸ್ಕರ ಜೇ 'ಸೋತೆ' ಅಂದ. ಹೊರಗೆ ಅಪ್ಪ ಸೀಕಾ, ದೊಡ್ಡಪ್ಪ ಆಫಾ ರೇನ್ಸ್ ಕೊರಳಿಗೆ ಮನೆತನದ ಯಜಮಾನಿಕೆಯ ಕೆಂಪು ಹಾರ ಹಾಕಿದರು. ಬೆಲ್ಟಿಗಿಂತ ಆ ಹಾರವೇ ಜಾಸ್ತಿ ತೂಕದ್ದು ಅಲ್ವಾ?

2022ರಲ್ಲಿ ಬ್ರಾಕ್ ಲೆಸ್ನರ್‌ನನ್ನು ಸೋಲಿಸಿ ಎರಡನೇ ಬೆಲ್ಟೂ ಹೊತ್ತ. ಆಮೇಲೆ ಸ್ವಲ್ಪ ಬೇಜಾರಾಯಿತು. ಅಪರೂಪಕ್ಕೆ ಆಡುತ್ತಿದ್ದ, ಆಡಿದರೂ ಯಾರೋ ತಮ್ಮ ನುಗ್ಗಿ ಕಾಪಾಡುತ್ತಿದ್ದ. 2023ರ ರೆಸಲ್‌ಮೇನಿಯಾದಲ್ಲಿ ಎದುರಾಳಿ ಕೋಡಿ ರೋಡ್ಸ್ ಸೋತದ್ದೂ ಜೇ-ಜಿಮ್ಮಿಯ ತಮ್ಮ ಸೋಲೋ ಸಿಕೋವಾ ಕೈವಾಡದಿಂದ. ಆ ಒಂದು ವರ್ಷ ಎಳೆದದ್ದು ಜಾಸ್ತಿಯೇ ಆಯಿತು.

2024ರ ಏಪ್ರಿಲ್ 7ರಂದು ಕೋಡಿಯೇ ಗೆದ್ದ. ಊರು ಮತ್ತದೇ ಫಿಲಡೆಲ್ಫಿಯಾ. 1,316 ದಿನ! ಹಲ್ಕ್ ಹೋಗನ್‌ನ 1,474 ದಿನದ ಆಳ್ವಿಕೆ 1988ರಲ್ಲಿ ಮುಗಿದ ಮೇಲೆ ಕಂಪನಿಯ ದೊಡ್ಡ ಬೆಲ್ಟನ್ನು ಯಾರೂ ಅಷ್ಟು ದಿನ ಇಟ್ಟುಕೊಂಡಿರಲಿಲ್ಲ. ಅರವತ್ತರ ದಶಕದ ಚಾಂಪಿಯನ್ ಬ್ರೂನೋ ಸಮಾರ್ಟಿನೊ ಅವರ 2,803 ದಿನದ ದಾಖಲೆ ಬೇರೆ ಲೋಕದ್ದು ಬಿಡಿ.

ಬೆಲ್ಟ್ ಹೋದರೂ ಮನೆ ಜಗಳ ಮುಗಿಯಲಿಲ್ಲ. ಯಜಮಾನಿಕೆ ನನ್ನದು ಅಂತ ಸೋಲೋ ಆ ಹಾರ ಹಾಕಿಕೊಂಡ. 2025ರ ಜನವರಿಯಲ್ಲಿ ರೇನ್ಸ್ ಅವನನ್ನು ಸೋಲಿಸಿದ, ಹಾರವನ್ನು ವಾಪಸ್ ರೇನ್ಸ್ ಕೊರಳಿಗೆ ಹಾಕಿದ್ದು ರಾಕ್.